ಹಳೇ ಟೆಕ್ನಿಕ್ ಐಡಿಗಳ ಕಾಟ ತಪ್ಪಿಸಿದ್ದು ಹೀಗೆ

ಸೈಬರ್ ದಾಳಿಯನ್ನು ಅಣಕು ಮಾಡಿ ರಕ್ಷಣೆ ಪರೀಕ್ಷಿಸುವ ಟೂಲ್ ಕಾಲ್ಡೆರಾದಲ್ಲಿ ನಮ್ಮ ಹಳೇ ಅಡ್ವರ್ಸರಿ ಪ್ರೊಫೈಲ್ (ಅಣಕು ದಾಳಿಯ ಹೆಜ್ಜೆಗಳ ಪಟ್ಟಿ) ಸರಿಯಾಗೇ ಓಡುತ್ತಿತ್ತು. ಆದರೆ ದಾಳಿಕೋರರ ಟೆಕ್ನಿಕ್‌ಗಳ ಪಟ್ಟಿಯಾದ ‘ಅಟ್ಯಾಕ್’ ಅನ್ನು ಚೌಕಗಳಲ್ಲಿ ತೋರಿಸುವ ಅಟ್ಯಾಕ್ ನ್ಯಾವಿಗೇಟರ್‌ನಲ್ಲಿ ನೋಡಿದರೆ ಪವರ್‌ಶೆಲ್ ಚೌಕ ಖಾಲಿ! ನಮ್ಮಲ್ಲಿ ಇನ್ನೂ ಅದರ ಹಳೇ ಐಡಿ ಟಿ1086 ಇತ್ತು. 2020ರಲ್ಲಿ ಟೆಕ್ನಿಕ್‌ಗಳ ಒಳವಿಧಗಳಾದ ಸಬ್-ಟೆಕ್ನಿಕ್‌ಗಳು ಬಂದಾಗಲೇ ಅದು ಟಿ1059.001 ಆಗಿದೆ.

ಪ್ರೊಫೈಲ್ ಫೈಲಿನಲ್ಲಿ ಸುಮ್ನೆ ಹುಡುಕಬೇಡಿ. ಅಲ್ಲಿರುವುದು ಎಬಿಲಿಟಿಗಳ (ದಾಳಿಯ ಒಂದೊಂದು ಹೆಜ್ಜೆ) ಯುಯುಐಡಿ, ಅಂದರೆ ವಿಶಿಷ್ಟ ಗುರುತುಗಳ ಪಟ್ಟಿ ಅಷ್ಟೇ. ಟೆಕ್ನಿಕ್ ಐಡಿ ಇರುವುದು ಎಬಿಲಿಟಿಯ ಯಾಮಲ್ ಫೈಲಿನಲ್ಲಿ. ಅಟ್ಯಾಕ್‌ನ ಸ್ಟಿಕ್ಸ್ ಡೇಟಾದಲ್ಲಿ (ಪಟ್ಟಿಯ ಕಂಪ್ಯೂಟರ್ ಓದುವ ರೂಪ) ಹಳೇದರ ಬದಲು ಬಂದದ್ದನ್ನು ತೋರಿಸುವ ‘ರಿವೋಕ್ಡ್-ಬೈ’ ಕೊಂಡಿ ಹಿಡಿದು ಹೊಸ ಐಡಿ ಹಾಕುವ ಸಣ್ಣ ಸ್ಕ್ರಿಪ್ಟ್ ಬರೆದೆ.

ಟಿ1064ರಂಥ ಡೆಪ್ರಿಕೇಟ್ ಆದವು (ನೇರ ಬದಲಿ ಇಲ್ಲದೆ ಕೈಬಿಟ್ಟ ಟೆಕ್ನಿಕ್‌ಗಳು) ಜಾಸ್ತಿ ತಲೆ ತಿಂದವು. ಅವಕ್ಕೆ ಆ ಕೊಂಡಿಯೇ ಇಲ್ಲ. ಸ್ಕ್ರಿಪ್ಟ್ ಅವನ್ನು ಮುಟ್ಟದೆ ಎಚ್ಚರಿಕೆ ಕೊಡುತ್ತದೆ. ಎಬಿಲಿಟಿಯ ಕಮಾಂಡ್ ಓದಿ ನಾವೇ ತಿದ್ದಬೇಕು. ರೀಡ್‌ಮಿಯಲ್ಲಿ ಮೊದಲು ಬರೆದಿದ್ದು ಇದನ್ನೇ. ಅದರ ಕೆಳಗೆ ಇನ್ನೊಂದು ಸಾಲು: ಯುಯುಐಡಿ ಬದಲಿಸಬೇಡಿ, ಬದಲಿಸಿದರೆ ಪ್ರೊಫೈಲ್‌ಗೆ ಎಬಿಲಿಟಿ ಸಿಗುವುದಿಲ್ಲ.