ಬುಡ ಕಿತ್ತಳೆ, ತುದಿ ಕಪ್ಪು: ಕಡಿಮೆ ಖರ್ಚಿನಲ್ಲಿ ನಾನು ಸರಿ ಮಾಡುವ ಕ್ರಮ

ವರ್ಷಗಟ್ಟಲೆ ಕಪ್ಪು ಡೈ ಹಚ್ಚಿದ ಕೂದಲಿನ ಮೇಲೆ ಬರ್ಗಂಡಿಯನ್ನೋ ಲೈಟ್ ಬ್ರೌನನ್ನೋ ಮನೆಯಲ್ಲೇ ಹಾಕಿಕೊಂಡು ಬರುವವರ ತಲೆ ಹೇಗಿರುತ್ತದೆಂದು ಪಾರ್ಲರ್ ನಡೆಸುವ ಎಲ್ಲರಿಗೂ ಗೊತ್ತು. ಬುಡದ ಒಂದು, ಒಂದೂವರೆ ಇಂಚು ಕಿತ್ತಳೆ. ಅಲ್ಲಿಂದ ಕೆಳಗೆ ಹೊಳಪಿಲ್ಲದ ಕಪ್ಪು, ತುದಿ ಇನ್ನೂ ದಟ್ಟ ಕಪ್ಪು. ಕಿವಿ ಮೇಲಿನ ಬಿಳಿಕೂದಲು ಗುಲಾಬಿ. ಇದಕ್ಕೆ ನಮ್ಮ ಕಡೆ ಎರಡೇ ಉಪಾಯ: ಐದಾರು ಸಾವಿರ ಬಿಲ್ ಮಾಡಿ ಪೂರ್ತಿ ಬ್ಲೀಚ್ ಹೊಡೆಯುವುದು, ಇಲ್ಲವೇ ಮತ್ತೆ ಕಪ್ಪು ಬಳಿದು ಕಳಿಸುವುದು. ವಿಟಮಿನ್ ಸಿ ಹಾಕಿ ಡೈ ಸಡಿಲ ಮಾಡಬಹುದು ಎಂದು ನಾನು ಹೇಳಿದಾಗ ನಂಬಿದವರು ಕಡಿಮೆ, ನಕ್ಕವರೇ ಹೆಚ್ಚು. ಈಗ ಈ ಕ್ರಮ ಕೈಗೆ ಹತ್ತಿದೆ. ಸಾಮಾನಿನ ಖರ್ಚು ಆರುನೂರು, ಏಳುನೂರರೊಳಗೆ ಮುಗಿಯುತ್ತದೆ, ಕೂದಲೂ ಉಳಿಯುತ್ತದೆ.

ಮುಖ್ಯವಾದ ಮಾತು ಒಂದೇ. ತುದಿಯನ್ನು ಬುಡದಷ್ಟು ಏರಿಸಲು ಹೋಗಬೇಡಿ. ತುದಿಯ ಕಪ್ಪನ್ನು ಒಂದಿಷ್ಟು ಸಡಿಲಿಸಿ, ಬುಡವನ್ನು ಕೆಳಗಿಳಿಸಿ, ಎರಡನ್ನೂ ನಾಲ್ಕನೇ ಲೆವೆಲ್‌ನಲ್ಲಿ ಕೂಡಿಸಿ. ಲೆವೆಲ್ ಎಂದರೆ ಬಣ್ಣದ ಗಾಢತೆಯ ಅಂಕಿ: 1 ಕಪ್ಪು, ಅಂಕಿ ಏರಿದಷ್ಟೂ ತಿಳಿ. ಗಿರಾಕಿಗೆ ಬೇಕಿರುವುದು ಒಂದೇ ಸಮನಾದ ಬಣ್ಣ. ನೆರಳಲ್ಲಿ ಗಾಢ ಕಂದು, ಬಿಸಿಲಲ್ಲಿ ಸ್ವಲ್ಪ ಮಿಂಚು, ಅಷ್ಟಾದರೆ ನೂರಕ್ಕೆ ತೊಂಬತ್ತು ಜನಕ್ಕೆ ಸಮಾಧಾನ. ಏಳು, ಎಂಟನೇ ಲೆವೆಲ್‌ಗೆ ಏರಿಸಿ ಟೋನ್ ಮಾಡಲು ಹೊರಟರೆ ದುಡ್ಡು ಹೋಗುವುದೂ ಅಲ್ಲೇ, ಕೂದಲು ತುಂಡಾಗುವುದೂ ಅಲ್ಲೇ.

ಕೈ ಹಚ್ಚುವ ಮೊದಲು ಎರಡು ಪರೀಕ್ಷೆ ಮಾಡುತ್ತೇನೆ. ಇವು ಬಿಟ್ಟರೆ ಮುಂದಿನದೆಲ್ಲ ಅದೃಷ್ಟದ ಮೇಲೆ. ಬಾಚಣಿಗೆಯಲ್ಲಿ ಉದುರಿದ ಕೂದಲನ್ನೇ ಗಂಟು ಕಟ್ಟಿ, ಗಾಜಿನ ಲೋಟದಲ್ಲಿ 30 ಮಿಲಿ 20 ವಾಲ್ಯೂಮ್ ಪೆರಾಕ್ಸೈಡ್‌ಗೆ ಸುಮಾರು 20 ಹನಿ ಅಮೋನಿಯ ಬಿಟ್ಟು, ಅರ್ಧ ಗಂಟೆ ಅದ್ದಿಡಿ. ಪೆರಾಕ್ಸೈಡ್ ಮೆಡಿಕಲ್ ಶಾಪಿನದೇ ಸಾಕು. ಅಲ್ಲಿ ಸಿಗುವ 6 ಪರ್ಸೆಂಟ್ ದ್ರಾವಣವೇ 20 ವಾಲ್ಯೂಮ್. ನೀರಾಗಿರುವುದರಿಂದ ತಲೆಗೆ ಹಚ್ಚಲು ಬಾರದು, ಪರೀಕ್ಷೆಗೆ ಮಾತ್ರ ಬಹಳ ಅಗ್ಗ. ಲೋಟ ಬಿಸಿಯಾದರೆ, ನೊರೆ ಉಕ್ಕಿದರೆ, ಕೂದಲು ಕರಗಿದಂತಾದರೆ ಅದರಲ್ಲಿ ಲೋಹದ ಲವಣವಿದೆ ಎಂದರ್ಥ. ಅರ್ಧ ಗಂಟೆ ಕಳೆದರೂ ಬಣ್ಣ ಒಂದಿಷ್ಟೂ ಕದಲದಿದ್ದರೂ ಅನುಮಾನಪಡಿ. ಅಂಥ ತಲೆಗೆ ಬ್ಲೀಚ್ ಮುಟ್ಟಿಸಬಾರದು, ನೇರವಾಗಿ ಇಲ್ಲ ಎಂದುಬಿಡಿ.

ಎರಡನೆಯದು ಎಳೆತದ ಪರೀಕ್ಷೆ. ಒದ್ದೆ ಕೂದಲಿನ ಒಂದೆಳೆ ಹಿಡಿದು ಮೆಲ್ಲಗೆ ಎಳೆಯಿರಿ. ಹಿಗ್ಗಿ ವಾಪಸ್ ಬಂದರೆ ಮುಂದುವರಿಯಬಹುದು. ಹಿಗ್ಗಿ ಅಲ್ಲೇ ಜೋತುಬಿದ್ದರೆ ಮೂರನೇ ಹಂತದ ಬ್ಲೀಚ್ ಬಿಟ್ಟು ಕೇವಲ ಬುಡ ಇಳಿಸುವ ಕೆಲಸ ಮಾಡಿ.

ಮೆಹಂದಿ ಹಾಕಿದ್ದಾರಾ ಎಂದು ಕೇಳುವಾಗ 'ಕಪ್ಪು ಮೆಹಂದಿ' ಎಂದರೆ ಅಲ್ಲೇ ನಿಂತು ಇನ್ನೊಮ್ಮೆ ಕೇಳಿ. ಆ ಹೆಸರಿನ ಪೊಟ್ಟಣಗಳಲ್ಲಿ ಕೆಲವು ಪಿಪಿಡಿ (ಗಾಢ ಬಣ್ಣ ಕೊಡುವ ಡೈ ರಾಸಾಯನಿಕ) ಬೆರೆಸಿದ ಡೈ, ಕೆಲವು ನಿಜವಾಗಿಯೂ ನೀಲಿ ಸೊಪ್ಪಿನ ಪುಡಿ. ನೀಲಿ ಇದ್ದರೆ ಬ್ಲೀಚ್ ಬಿದ್ದಾಗ ಹಸಿರು ಏಳುತ್ತದೆ. ಆ ಹಸಿರನ್ನು ತೆಗೆಯುವುದು ಮೂಲ ಕೆಲಸಕ್ಕಿಂತ ದೊಡ್ಡ ತಲೆನೋವು.

ಮೊದಲ ಹಂತ ನೀರಿನದು. ಬೋರ್ ನೀರಿನ ಊರುಗಳಲ್ಲಿ ಕೂದಲ ಮೇಲೆ ಸುಣ್ಣ, ಕಬ್ಬಿಣ ಕೂತಿರುತ್ತದೆ. ಅದನ್ನು ತೆಗೆಯದೆ ಏನು ಹಾಕಿದರೂ ಮಚ್ಚೆ ಮಚ್ಚೆ. ಒಂದು ಲೀಟರ್ ಆರ್‌ಒ ನೀರಿಗೆ ಅರ್ಧ ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕಣ್ಣಿಗೆ ಬೀಳದಂತೆ ಕೂದಲಿಗೆ ಸುರಿದು ಐದು ನಿಮಿಷ ಬಿಟ್ಟು, ಶಾಂಪೂ ಹಾಕಿ ತೊಳೆಯುವುದು. ಖರ್ಚು ಐದು ರೂಪಾಯಿಯೂ ಇಲ್ಲ. ಇದನ್ನು ಬಿಡುವವರೇ ಹೆಚ್ಚು, ಆಮೇಲೆ ಡೈ ಟ್ಯೂಬಿನ ಕಂಪನಿಯನ್ನು ಬೈಯುತ್ತಾರೆ.

ಎರಡನೇ ಹಂತ ವಿಟಮಿನ್ ಸಿ. ಚೀಪುವ ಮಾತ್ರೆ ಕುಟ್ಟಿ ಹಾಕುವವರಿದ್ದಾರೆ. 500 ಮಿಲಿಗ್ರಾಂ ಮಾತ್ರೆಯಲ್ಲಿ 30 ಗ್ರಾಂ ಆಗಬೇಕಾದರೆ ಅರವತ್ತು ಮಾತ್ರೆ ಬೇಕು. ಜೊತೆಗೆ ಅದರ ಸಕ್ಕರೆ, ಬಣ್ಣ ಎಲ್ಲ ಸೇರಿ ತಲೆ ಅಂಟು ಅಂಟು. ಅದೇ ದುಡ್ಡಿಗಿಂತ ಸ್ವಲ್ಪ ಹೆಚ್ಚು ಕೊಟ್ಟರೆ 100 ಗ್ರಾಂ ಆಸ್ಕಾರ್ಬಿಕ್ ಆಸಿಡ್ ಪುಡಿ ಬರುತ್ತದೆ, ಮೂರು ತಲೆಗೆ ಆಗುತ್ತದೆ. 30 ಗ್ರಾಂ ಪುಡಿಯನ್ನು ಎರಡು ಮೂರು ಚಮಚ ಬಿಸಿನೀರಲ್ಲಿ ಕದಡಿ, 60 ಮಿಲಿ ಕಂಡೀಷನರ್ ಇಲ್ಲದ ಪಾರದರ್ಶಕ ಶಾಂಪೂ ಬೆರೆಸಿ, ಕಪ್ಪಿರುವ ಭಾಗಕ್ಕೆ ಮಾತ್ರ ಹಚ್ಚಬೇಕು. ಕಿತ್ತಳೆ ಬುಡಕ್ಕೆ ಇದರ ಕೆಲಸವಿಲ್ಲ, ನೆತ್ತಿಗೆ ತಗುಲಿದರೆ ಉರಿ. ಕ್ಯಾಪ್ ಹಾಕಿ ಮುಕ್ಕಾಲರಿಂದ ಒಂದು ಗಂಟೆ ಬಿಡಿ. ಇಳಿದು ಬರುವ ನೊರೆ ಕಂದು ಬಣ್ಣಕ್ಕೆ ತಿರುಗಿದ್ದು ಕಂಡರೆ ಡೈ ಸಡಿಲವಾಗುತ್ತಿದೆ ಎಂದರ್ಥ. ಹಾಕಿ ವಾರ, ಹತ್ತು ದಿನ ಆದ ಬಣ್ಣ ಚೆನ್ನಾಗಿ ಬಿಡುತ್ತದೆ. ವರ್ಷಗಳ ಹಳೆಯ ಪದರ ಅರ್ಧ ಲೆವೆಲ್ ಜಗ್ಗಿದರೂ ಲಾಭವೇ. ಮೆಹಂದಿ ಇದಕ್ಕೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ.

ವಿಟಮಿನ್ ಸಿ ಕೆಲಸ ಮಾಡುವುದಿಲ್ಲ ಎನ್ನುವವರಲ್ಲಿ ಬಹುತೇಕರು ಸೋಲುವುದು ತೊಳೆಯುವಲ್ಲಿ. ಸಡಿಲಗೊಂಡ ಬಣ್ಣ ಕೂದಲೊಳಗೇ ಉಳಿದರೆ, ಮುಂದಿನ ಹಂತದ ಪೆರಾಕ್ಸೈಡ್ ತಗುಲಿದ ಕೂಡಲೇ ಮತ್ತೆ ಗಟ್ಟಿಯಾಗಿ ಕಪ್ಪಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಕನಿಷ್ಠ ಹತ್ತು ನಿಮಿಷ ತೊಳೆಯಿರಿ, ನಡುವೆ ಎರಡು ಸಲ ಶಾಂಪೂ ಹಾಕಿ. ಆಮೇಲೆ ಒಳಗಿನ ಒಂದು ಸಣ್ಣ ಎಳೆಗೆ ಅದೇ ಮೆಡಿಕಲ್ ಶಾಪಿನ ಪೆರಾಕ್ಸೈಡನ್ನು ಸಮ ನೀರು ಬೆರೆಸಿ ಹತ್ತಿಯಲ್ಲಿ ಒತ್ತಿ ಐದಾರು ನಿಮಿಷ ನೋಡಿ. ಮತ್ತೆ ಕಪ್ಪಿಗೆ ತಿರುಗಿದರೆ ಇನ್ನೊಮ್ಮೆ ತೊಳೆಯಿರಿ. ಇಲ್ಲದಿದ್ದರೆ ಮುಂದಕ್ಕೆ.

ಮೂರನೇ ಹಂತ ಬ್ಲೀಚ್ ವಾಶ್, ಅದೂ ಕಪ್ಪು ಪಟ್ಟಿಗೆ ಮಾತ್ರ. ಹಿಂದಿನ ರಾತ್ರಿಯೇ ಉದ್ದಕ್ಕೆಲ್ಲ ಕೊಬ್ಬರಿ ಎಣ್ಣೆ ಹಾಕಿಸಿರುತ್ತೇನೆ. ಕೂದಲ ಪ್ರೋಟೀನ್ ಸವೆತ ತಡೆಯುವಲ್ಲಿ ಮಿನರಲ್ ಎಣ್ಣೆ, ಸೂರ್ಯಕಾಂತಿ ಎಣ್ಣೆಗಿಂತ ಕೊಬ್ಬರಿ ಎಣ್ಣೆ ಮೇಲು ಎಂದು 2003ರಲ್ಲೇ ರೇಲೆ, ಮೊಹಿಲೆ ಅವರ ಪ್ರಬಂಧ ತೋರಿಸಿದೆ. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೆನ್ನಿನ ನಡುವಿನವರೆಗಿನ ಸಾಧಾರಣ ದಟ್ಟ ಕೂದಲಿಗೆ 30 ಗ್ರಾಂ ಬ್ಲೀಚ್ ಪೌಡರ್, 60 ಮಿಲಿ 20 ವಾಲ್ಯೂಮ್ ಡೆವಲಪರ್ (ಕ್ರೀಮ್ ರೂಪದ ಪೆರಾಕ್ಸೈಡ್), 30 ಮಿಲಿ ಶಾಂಪೂ. 30, 40 ವಾಲ್ಯೂಮ್ ಮುಟ್ಟಬೇಡಿ. ಶಾಖವೂ ಬೇಡ. ನಡುಭಾಗ ಮೊದಲು, ತುದಿ ಐದು ನಿಮಿಷ ಬಿಟ್ಟು. ಐದೈದು ನಿಮಿಷಕ್ಕೊಮ್ಮೆ ಒಂದು ಎಳೆ ಒರೆಸಿ ನೋಡುತ್ತಿರಿ. ಕೆಂಗಂದು ಕಂಡರೆ ಸಾಕು, ಅದೇ ನಾಲ್ಕನೇ ಲೆವೆಲ್. ಇಪ್ಪತ್ತು ನಿಮಿಷದ ಮೇಲೆ ಬಿಡುವುದಿಲ್ಲ. ಅಷ್ಟರಲ್ಲಿ ಬಾರದ ಕಡೆ ಬಿಡಿ, ಅಲ್ಲಲ್ಲಿ ಸ್ವಲ್ಪ ಗಾಢ ಉಳಿದರೂ ಕೊನೆಯ ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ಇಲ್ಲಿ ಕೆಡುವುದು ಪಟ್ಟಿಯ ಗಡಿಯಲ್ಲಿ. ಮಿಶ್ರಣ ಕಿತ್ತಳೆ ಭಾಗದ ಮೇಲೆ ಅರ್ಧ ಇಂಚು ಹತ್ತಿದರೂ ಅಲ್ಲೊಂದು ಹಳದಿ ಗೆರೆ ಬೀಳುತ್ತದೆ. ಆ ಗೆರೆಗೆ ಎಷ್ಟು ಆಶ್ (ನೀಲಿ ಛಾಯೆಯ ಬೂದು ಡೈ) ಹಾಕಿದರೂ ತಲೆ ಬೇರೆ, ಗೆರೆ ಬೇರೆ. ಬುಡದ ಕಿತ್ತಳೆಗೆ ದಪ್ಪಗೆ ಕಂಡೀಷನರ್ ಮೆತ್ತಿಟ್ಟರೆ ಜಾರಿ ಬಂದದ್ದು ಹಿಡಿಯುವುದಿಲ್ಲ. ಗಡಿಯಿಂದ ಕಾಲಿಂಚು ಬಿಟ್ಟೇ ಬ್ರಷ್ ಇಡಿ, ಉಳಿದದ್ದು ತಾನೇ ಹಬ್ಬುತ್ತದೆ.

ನಾಲ್ಕನೆಯದು ಬುಡ ಇಳಿಸುವುದು. ಕಿತ್ತಳೆಗೆ ನೀಲಿ ಬೇಕು ಎಂದು ಬರೀ ಆಶ್ ಟ್ಯೂಬ್ ಬಳಿದರೆ ಬಿಳಿಕೂದಲಿನ ಮೇಲೆ ಬೂದಿ ಬೂದಿಯಾಗಿ ತೆಳುವಾಗಿ ಕೂರುತ್ತದೆ, ನಾಲ್ಕು ತೊಳೆತಕ್ಕೆ ಹೋಗುತ್ತದೆ. ನಾನು 4.0 ಎರಡು ಪಾಲು, 5.1 ಒಂದು ಪಾಲು ಹಾಕುತ್ತೇನೆ (ಮೊದಲ ಅಂಕಿ ಲೆವೆಲ್, ಚುಕ್ಕೆಯ ನಂತರದ್ದು ಛಾಯೆ: 0 ಸಾದಾ, 1 ಆಶ್). ಡೆವಲಪರ್ ಅನುಪಾತ ಟ್ಯೂಬಿನ ಮೇಲೆ ಬರೆದಿದ್ದೇ. ಬುಡಕ್ಕೆ 10 ವಾಲ್ಯೂಮ್ ಸಾಕು. ಅದಕ್ಕೆ ಬೇರೆ ಬಾಟಲಿ ಕೊಳ್ಳುವುದಿಲ್ಲ. 20ರದ್ದಕ್ಕೆ ಸಮ ಅಳತೆ ಕುದಿಸಿ ಆರಿಸಿದ ಆರ್‌ಒ ನೀರು ಬೆರೆಸಿದರೆ 3 ಪರ್ಸೆಂಟ್ ಆಯಿತು. ಆಗಲೇ ಬೆರೆಸಿ ಆಗಲೇ ಮುಗಿಸಬೇಕು, ಎತ್ತಿಟ್ಟರೆ ಸತ್ವ ಹೋಗುತ್ತದೆ. ಮಿಶ್ರಣ ತೆಳುವಾಗುವುದರಿಂದ ಬ್ರಷ್‌ಗೆ ಕಡಿಮೆ ತೆಗೆದುಕೊಳ್ಳಿ. ಕಿವಿ ಮೇಲಿನ, ಹಣೆ ಅಂಚಿನ ಬಿಳಿಕೂದಲಿಗೆ ಮಾತ್ರ ಬೇರೆ ಬಟ್ಟಲಲ್ಲಿ 20 ವಾಲ್ಯೂಮಿನಲ್ಲೇ ಕಲಸಿ. 10 ಅಲ್ಲಿ ಮುಚ್ಚುವುದಿಲ್ಲ.

ಬುಡಕ್ಕೆ ಹಚ್ಚಿ ಇಪ್ಪತ್ತು ನಿಮಿಷ ಆದ ಮೇಲೆ ಉದ್ದಕ್ಕೆ. ಅಲ್ಲಿ ಎದ್ದಿರುವುದು ಕೆಂಪು, ಕಿತ್ತಳೆಯಲ್ಲ. ಕೆಂಪಿಗೆ ನೀಲಿ ಆಶ್ ಹಾಕಿದರೆ ನೇರಳೆ ಛಾಯೆ ಬರುತ್ತದೆ. ಹಸಿರು, ಅಂದರೆ ಮ್ಯಾಟ್, ಬೇಕು. ನಂಬರ್ ನಂಬಬೇಡಿ, ಒಂದೊಂದು ಕಂಪನಿಯಲ್ಲಿ ಮ್ಯಾಟ್‌ಗೆ ಒಂದೊಂದು ಅಂಕಿ, ಶೇಡ್ ಕಾರ್ಡ್ ನೋಡಿಯೇ ಆರಿಸಿ. ಉದ್ದದ ಬಟ್ಟಲಿಗೆ ಮ್ಯಾಟ್ ಎಷ್ಟು ಗ್ರಾಂ, ಯಾವ ಕಂಪನಿಯದು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಕಡಲೆಬೇಳೆ ಗಾತ್ರದಿಂದ ಶುರುಮಾಡಿ ಎಳೆಗಳ ಮೇಲೆ ನೋಡುತ್ತ ಹೋದರೆ ನಿಮಗೂ ಅಳತೆ ಸಿಗುತ್ತದೆ. ತುದಿಗೆ ಕೊನೆಯ ಐದು ನಿಮಿಷ ಮಾತ್ರ. ಬ್ಲೀಚ್ ಕಂಡ ತುದಿ ಬಣ್ಣವನ್ನು ಒಮ್ಮೆಲೇ ಕುಡಿದು ಮಂಕಾಗುತ್ತದೆ. ಒಟ್ಟು ಮೂವತ್ತು, ಮೂವತ್ತೈದು ನಿಮಿಷಕ್ಕೆ ತೊಳೆಯಿರಿ.

ಪಿಪಿಡಿ ಇರುವ ಟ್ಯೂಬಾದ್ದರಿಂದ, ಕೆಲಸ ಶುರುಮಾಡುವ ಮೊದಲೇ ಕಿವಿ ಹಿಂದೆ ಚೂರು ಡೈ ಹಚ್ಚಿ ಪ್ಯಾಚ್ ಟೆಸ್ಟ್ ಮಾಡಿ 48 ಗಂಟೆ ಕಾಯಲೇಬೇಕು. ಹತ್ತು ವರ್ಷ ಡೈ ಹಚ್ಚಿದವರಿಗೂ ಹನ್ನೊಂದನೇ ವರ್ಷ ಅಲರ್ಜಿ ಶುರುವಾಗಬಹುದು.

ಪಕ್ಕದ ಪ್ರಯೋಗಗಳೂ ಕೆಲವು ನಡೆದಿವೆ. ಅಡುಗೆ ಸೋಡಾ ಬಣ್ಣವನ್ನು ಸ್ವಲ್ಪ ಎಳೆಯುತ್ತದೆ, ಆದರೆ ಕ್ಷಾರದಿಂದ ಕೂದಲು ಒರಟಾಗಿ, ಮುಂದೆ ಬಣ್ಣ ಮಚ್ಚೆಯಾಗಿ ಹಿಡಿಯುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನು ಕಂಡೀಷನರ್‌ಗೆ ಬೆರೆಸಿ ಉದುರಿದ ಕಿತ್ತಳೆ ಕೂದಲಿನ ಮೇಲೆ ನೋಡಿದೆ: ಸವೆದ ಎಳೆ ನೇರಳೆ, ಗಟ್ಟಿ ಎಳೆ ಹಾಗೇ ಕಿತ್ತಳೆ. ಚರ್ಮಕ್ಕೆಂದು ಮಾಡಿದ ವಸ್ತುವೂ ಅಲ್ಲ, ಯಾರ ತಲೆಗೂ ಹಾಕಬೇಡಿ. ಸೆಲೆನಿಯಂ ಸಲ್ಫೈಡ್ ಇರುವ ತಲೆಹೊಟ್ಟಿನ ಶಾಂಪೂ ಬೇರೆ ಶಾಂಪೂಗಿಂತ ಬಣ್ಣ ಬೇಗ ಬಿಡಿಸುತ್ತದೆ. ಗಿರಾಕಿಗೆ ಪುರುಸೊತ್ತಿದ್ದರೆ ಬರುವ ಮುಂಚಿನ ವಾರ ಅದನ್ನೇ ಎರಡು ಸಲ ಹಾಕಿಕೊಂಡು ಬರಲು ಹೇಳುತ್ತೇನೆ. ವಿಟಮಿನ್ ಸಿಯ ಅರ್ಧ ಕೆಲಸ ಆಗಿಯೇ ಇರುತ್ತದೆ.

ಲೆಕ್ಕ ನೆನಪಿದ್ದಷ್ಟು: ಆಸ್ಕಾರ್ಬಿಕ್ ಪುಡಿ ಐವತ್ತು, ಅರವತ್ತು ರೂಪಾಯಿ. ಬ್ಲೀಚ್ ಪೌಡರ್ ದೊಡ್ಡ ಡಬ್ಬ ತಂದಿಟ್ಟರೆ ಒಂದು ತಲೆಗೆ ನಲವತ್ತು. ಡೆವಲಪರ್ ಅರವತ್ತರ ಆಸುಪಾಸು. ಟ್ಯೂಬ್ ಎರಡೂವರೆ, ಅದೇ ದೊಡ್ಡ ಖರ್ಚು, ನಾನೂರು, ನಾನೂರೈವತ್ತು. ಶಾಂಪೂ, ಗ್ಲೌಸ್, ಕ್ಯಾಪ್ ಎಲ್ಲ ಸೇರಿ ಐವತ್ತು. ನಾನು ತೆಗೆದುಕೊಳ್ಳುವುದು ಹದಿನೆಂಟುನೂರರಿಂದ ಎರಡು ಸಾವಿರ. ನಾಲ್ಕು ಗಂಟೆ ಕುರ್ಚಿ ಹಿಡಿಯುವ ಕೆಲಸವಾದ್ದರಿಂದ ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ, ಭಾನುವಾರ ಅಂತೂ ಹಿಡಿಯಲೇಬೇಡಿ.

ಮುಗಿದ ಮೇಲೆ ಎರಡು ಮೂರು ದಿನ ತಲೆಸ್ನಾನ ಇಲ್ಲ, ಆಮೇಲೆ ವಾರಕ್ಕೆರಡು ಸಲಕ್ಕಿಂತ ಹೆಚ್ಚಿಲ್ಲ. ಐದಾರು ವಾರಕ್ಕೆ ಬುಡ ಬೆಳೆದು ಬಂದಾಗ ಹೊಸ ಬೆಳವಣಿಗೆಗೆ ಮಾತ್ರ ಅದೇ ಎರಡು ಪಾಲು, ಒಂದು ಪಾಲಿನ ಮಿಶ್ರಣವನ್ನು 20 ವಾಲ್ಯೂಮಿನಲ್ಲಿ ಹಚ್ಚಿ. ಉದ್ದಕ್ಕೆ ಎಳೆಯಬಾರದು, ಎಳೆದರೆ ಅದೇ ಕಪ್ಪು ಪದರ ಮತ್ತೆ ಕೂರುತ್ತದೆ. ಉದ್ದ ಮಂಕಾಗಿದ್ದರೆ ತೊಳೆಯುವ ಮುಂಚಿನ ಮೂರು ನಿಮಿಷ ಮಿಶ್ರಣಕ್ಕೆ ಸ್ವಲ್ಪ ನೀರು ಚಿಮುಕಿಸಿ ಬಾಚಿ ಬಿಡಿ, ಅಷ್ಟೇ ಸಾಕು.