ಕುದುರೆಮುಖದ ಚರಿತ್ರೆ ಇಟ್ಕೊಂಡು ಒಂದು ದಿನದ ಕಾರ್ಯಕ್ರಮ: ನಾವು ಮಾಡಿದ ರೀತಿ

ಕುದುರೆಮುಖ ಟೌನ್‌ಶಿಪ್‌ನಲ್ಲಿ ಬೆಳೆದೋರು ನಾವು ಈಗ ಬೆಂಗಳೂರು, ಮಂಗಳೂರು, ಇನ್ನೆಲ್ಲೆಲ್ಲೋ ಚದುರಿ ಹೋಗಿದೀವಿ, 2005ರ ಡಿಸೆಂಬರ್ 31ಕ್ಕೆ ಊರಿನ ಕಬ್ಬಿಣದ ಅದಿರಿನ ಗಣಿ ನಿಂತ್ಮೇಲೆ ಒಂದೊಂದೇ ಮನೆ ಖಾಲಿ ಆಗ್ತಾ ಹೋಯ್ತು. ಆಗಾಗ ಸೇರ್ತೀವಿ, ಗ್ರೂಪ್ ಫೋಟೋ, ಊಟ, ಅಷ್ಟೇ. ಈ ಸಲ ಊರಿನ ಚರಿತ್ರೆ ಇಟ್ಕೊಂಡು ಏನಾದ್ರೂ ಮಾಡೋಣ ಅಂತ ನಾನು ಹಠ ಹಿಡಿದೆ. ಹಠ ಹಿಡಿದೋರ ತಲೆ ಮೇಲೇ ಕೆಲಸ ಬೀಳೋದು, ಗೊತ್ತಲ್ಲ.

ಜಾಗ ಕಳಸದಲ್ಲಿ ತಗೊಂಡ್ವಿ. ಟೌನ್‌ಶಿಪ್ ಸುತ್ತ ನ್ಯಾಷನಲ್ ಪಾರ್ಕು, ಅಷ್ಟು ಜನ ಸೇರಿಸೋಕೆ ಪರ್ಮಿಷನ್ ಅದೂ ಇದೂ ಅಂತ ಓಡಾಡೋದು ಬೇಡ ಅನ್ನಿಸ್ತು. ಮಳೆಗಾಲ ಅಂತೂ ಲೆಕ್ಕಕ್ಕೇ ತಗೋಬೇಡಿ.

ಫೋಟೋ ಕೇಳಿದ ತಕ್ಷಣ ಎಲ್ರೂ ವಾಟ್ಸಾಪಲ್ಲಿ ಕಳಿಸ್ತಾರೆ, ಕ್ವಾಲಿಟಿ ಹಾಳು, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಮೊದಲೇ ಹೇಳಿ. ಅಂಟು ಹಾಳೆಯ ಹಳೇ ಆಲ್ಬಮ್‌ನಿಂದ ಫೋಟೋ ಕೀಳೋಕೆ ಹೋಗ್ಬೇಡಿ, ಹರಿಯುತ್ತೆ, ಕಿಟಕಿ ಬೆಳಕಲ್ಲಿ ಫ್ಲಾಶ್ ಇಲ್ದೆ ಹಾಗೇ ತೆಗೀಬೇಕು. ಮತ್ತೆ ಮುಂದೆ ನಿಂತಿರೋರಿಗಿಂತ ಹಿಂದೆ ಏನಿದೆ ಅಂತ ನೋಡಿ. ಬರ್ತ್‌ಡೇ ಫೋಟೋದ ಹಿಂದೆ ಕ್ವಾರ್ಟರ್ಸ್ ಸಾಲು, ಶಿಫ್ಟ್ ಬಸ್ಸು, ದೂರದಲ್ಲಿ ಗಣಿಯ ಹೂಳು ತಡೆಯೋಕೆ ಕಟ್ಟಿದ ಲಕ್ಯಾ ಡ್ಯಾಮ್ ಇರುತ್ತೆ. ಆ ಡ್ಯಾಮ್ ಹಂತ ಹಂತವಾಗಿ ಎತ್ತರಿಸಿದ್ದು, ಹಾಗಾಗಿ ಎಷ್ಟೋ ಫೋಟೋ ಯಾವ ಕಾಲದ್ದು ಅಂತ ಹಿರಿಯರು ಡ್ಯಾಮ್ ನೋಡೇ ಅಂದಾಜು ಹೇಳಿದ್ರು.

ಮಾತು ರೆಕಾರ್ಡ್ ಮಾಡುವಾಗ 'ನಿಮ್ಮ ನೆನಪು ಹೇಳಿ ಸಾರ್' ಅಂದ್ರೆ ಭಾಷಣ ಶುರುವಾಗುತ್ತೆ. ಮಂಜು ಇಳಿದ್ರೆ ಡಂಪರ್ ಹೆಂಗೆ ಓಡಿಸ್ತಿದ್ರಿ, ಮಳೇಲಿ ಯೂನಿಫಾರ್ಮ್ ಎಲ್ಲಿ ಒಣಗಿಸ್ತಿದ್ರಿ ಅಂತ ಕೇಳಿದ್ರೆ ಮಾತು ನಿಲ್ಲೋದೇ ಇಲ್ಲ, ಅದೂ ಅಡುಗೆಮನೆಯಿಂದ ಆಂಟಿಯರು ಬಂದು ಅಂಕಲ್‌ಗಳ ಕಥೆ ತಿದ್ದೋಕೆ ಶುರು ಮಾಡಿದ್ರೆ ಇನ್ನೂ ಚೆಂದ.

ಮಕ್ಕಳು ಮುತ್ಕೊಂಡಿದ್ದು ಮಾತ್ರ ಮ್ಯಾಗ್ನೆಟ್ ಟೇಬಲ್‌ಗೆ. ಇಲ್ಲಿನ ಅದಿರು ಮ್ಯಾಗ್ನಟೈಟ್, ಅಂದ್ರೆ ಮ್ಯಾಗ್ನೆಟ್‌ಗೆ ಅಂಟೋದು, ಕಬ್ಬಿಣದ ಅಂಶ ಕಮ್ಮಿ, ಅದಕ್ಕೇ ನುಣ್ಣಗೆ ಅರೆದು, ಕಬ್ಬಿಣದ ಭಾಗ ಬೇರೆ ಮಾಡಿ, ನೀರಲ್ಲಿ ಕಲಸಿ ಸ್ಲರಿ ಮಾಡಿ 67 ಕಿಲೋಮೀಟರ್ ಪೈಪ್‌ಲೈನ್‌ನಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿನ ಪಣಂಬೂರಿಗೆ ಕಳಿಸ್ತಿದ್ರು. ಇದನ್ನ ಬೋರ್ಡ್ ಮೇಲೆ ಬರೆದ್ರೆ ಯಾರು ಓದ್ತಾರೆ? ಒಂದು ತಟ್ಟೇಲಿ ಮರಳು, ಕಪ್ಪು ಪುಡಿ, ನೀರು ಕಲಸಿಟ್ಟು ಕೈಗೆ ಮ್ಯಾಗ್ನೆಟ್ ಕೊಟ್ವಿ, ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಇಲ್ಲಾಂದ್ರೆ ಪುಡಿ ಬಿಡಿಸೋಕೆ ಆಗಲ್ಲ.

ಗಲಾಟೆ ಆಗಿದ್ದು ಟೈಮ್‌ಲೈನ್ ಗೋಡೆ ವಿಷಯಕ್ಕೆ. ಕೆಲವರಿಗೆ 1976ರಲ್ಲಿ ಗಣಿ ಕಂಪನಿ (KIOCL) ಬಂದಲ್ಲಿಂದ ಶುರು ಮಾಡ್ಬೇಕು. ನಾನು ಒಪ್ಪಲಿಲ್ಲ. 1913ರಲ್ಲೇ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಇಲ್ಲಿ ಅದಿರು ಗುರುತಿಸಿದ್ರು, ಅದಕ್ಕೂ ಎಷ್ಟೋ ಮೊದಲಿಂದ ಈ ಕಾಡಲ್ಲಿ ಮಲೆಕುಡಿಯ ಬುಡಕಟ್ಟಿನೋರಿದ್ರು, ಗದ್ದೆ ತೋಟ ಮಾಡ್ಕೊಂಡೋರಿದ್ರು. ಮೊದಲ ಪ್ಯಾನೆಲ್ ಅವರದ್ದೇ ಆಗ್ಲಿ ಅಂದೆ. ಅಕ್ಕಪಕ್ಕದ ಊರಿನ ಕೆಲವರನ್ನ ಕರೆದು ಮಾತಾಡ್ಸಿದ್ವಿ, ನಮ್ಮ ಕಾಲೋನಿಯೋರು ಬಹಳ ಜನ ಅವರ ಮಾತನ್ನ ಕೂತು ಕೇಳಿದ್ದು ಅದೇ ಮೊದಲು.

ಇರಾನ್ ಕಥೆ ಎಲ್ರಿಗೂ ಇಷ್ಟ: ಷಾ ಸರ್ಕಾರದ ಜೊತೆ 1975ರಲ್ಲಿ ಒಪ್ಪಂದ, ಸಾಲ ಅವರದ್ದು, ಅದಿರು ಅವರಿಗೆ, ಆಮೇಲೆ 1979ರ ಕ್ರಾಂತಿ, ಕೊಳ್ಳೋರೇ ಇಲ್ಲ. ಕೊನೇ ಪ್ಯಾನೆಲ್ ಯಾರಿಗೂ ಬೇಡ. ಗಣಿಯಿಂದ ಭದ್ರಾ ನದಿಗೆ ಹೂಳು, 1987ರ ನ್ಯಾಷನಲ್ ಪಾರ್ಕ್, ಗಣಿ ನಿಲ್ಲಿಸಿ ಅಂದ 2002ರ ಸುಪ್ರೀಂ ಕೋರ್ಟ್ ತೀರ್ಪು... 'ಹಬ್ಬದ ದಿನ ಅದ್ಯಾಕಪ್ಪಾ' ಅಂದ್ರು ಒಬ್ರು ಹಿರಿಯರು. ಕೆಲಸ ಹೋದೋರ ಮಾತನ್ನೂ, ನದಿ ಉಳೀಬೇಕು ಅಂದೋರ ಮಾತನ್ನೂ ಪಕ್ಕಪಕ್ಕ ಹಾಕಿದ್ವಿ, ಕೆಳಗೆ ನಮ್ಮ ತೀರ್ಪು ಏನೂ ಬರೀಲಿಲ್ಲ. ಅತಿ ಹೆಚ್ಚು ಜನ ನಿಂತು ಓದಿದ್ದು ಅದನ್ನೇ, ಬೇಡ ಅಂದ ಹಿರಿಯರೂ ಸೇರಿ.

ಇನ್ನೊಂದು, ಫೋಟೋಗಳ ಕೆಳಗೆ ಖಾಲಿ ಹಾಳೆ, ಪೆನ್ಸಿಲ್ ಕಟ್ಟಿಡಿ. ಪೆನ್ ಬೇಡ, ಒಬ್ರು ಬರೆದ ಹೆಸರನ್ನ ಇನ್ನೊಬ್ರು ಬಂದು ಹೊಡೆದು ಹಾಕ್ತಾನೇ ಇರ್ತಾರೆ. ಸಂಜೆ ಆ ಹಾಳೆಗಳ ಫೋಟೋ ತಗೊಂಡು, ಸ್ಕ್ಯಾನ್ ಜೊತೆ ಒಂದೇ ಫೋಲ್ಡರ್‌ಗೆ ಹಾಕಿ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದೀವಿ, ಒಂದು ಮಂಗಳೂರಲ್ಲಿ, ಒಂದು ನನ್ನ ಹತ್ರ.