ಮದುವೆ ವಿಡಿಯೋ ಸಣ್ಣದು ಮಾಡುವುದು ಹೇಗೆ?

ಮದುವೆ ಮುಗಿದು ತಿಂಗಳೊಪ್ಪತ್ತಿಗೆ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಸ್ಟುಡಿಯೋದಿಂದ ಪೆನ್‌ಡ್ರೈವ್ ಬರುತ್ತದೆ. ನಾಲ್ಕು ತಾಸಿನ ವಿಡಿಯೋ, ಐವತ್ತು ಜಿಬಿ ಮೇಲೆ. ಬೀಗರಿಗೆ ಒಂದು ಕಾಪಿ ಬೇಕು, ಕುಂದಗೋಳದ ಕಾಕಾನಿಗೆ ಒಂದು, ಬೆಂಗಳೂರಿನ ತಂಗಿಗೆ ಒಂದು. ಕೈಗೆ ಸಿಕ್ಕ ಯಾವುದೋ ಕನ್ವರ್ಟರ್‌ಗೆ ಹಾಕಿ ಸಣ್ಣದು ಮಾಡಿ ಕೊಟ್ಟರೆ ಎರಡೇ ದಿನಕ್ಕೆ ಫೋನು: "ಟಿವ್ಯಾಗ ಬರೇ ಆವಾಜ್ ಬರಾಕತ್ತೈತಲ್ಲೋ, ಚಿತ್ರನ ಇಲ್ಲ!" ಕಾಕಾನ ಟಿವಿ ಕೆಟ್ಟಿಲ್ಲ. ಫೈಲಿನ ಒಳಗಿರುವ ಕೋಡೆಕ್ (ವಿಡಿಯೋ ಒತ್ತಿ ಬರೆಯುವ, ಬಿಚ್ಚಿ ತೋರಿಸುವ ಪದ್ಧತಿ) ಅದಕ್ಕೆ ಗೊತ್ತಿಲ್ಲ, ಅಷ್ಟೇ.

ವಿಡಿಯೋ ಒತ್ತಿ ಸಣ್ಣದು ಮಾಡದೆ ಗತ್ಯಂತರವೇ ಇಲ್ಲ. ಫುಲ್ ಎಚ್‌ಡಿಯ ಒಂದು ಫ್ರೇಮ್ (ವಿಡಿಯೋದೊಳಗಿನ ಒಂದು ಬಿಡಿ ಚಿತ್ರ) ಎಂದರೆ 1920 ಅಡ್ಡ, 1080 ಉದ್ದ, ಸುಮಾರು 20 ಲಕ್ಷ ಚುಕ್ಕೆ. ಚುಕ್ಕೆಗೆ ಮೂರು ಬೈಟ್ ಹಿಡಿದರೆ ಒಂದು ಫ್ರೇಮ್ 6 ಎಂಬಿ ದಾಟುತ್ತದೆ. ಸೆಕೆಂಡಿಗೆ 25 ಫ್ರೇಮ್, ಅಂದರೆ 155 ಎಂಬಿ. 32 ಜಿಬಿ ಪೆನ್‌ಡ್ರೈವ್ ಮೂರೂವರೆ ನಿಮಿಷಕ್ಕೂ ಸಾಲದು.

ಒಳಗೆ ನಡೆಯುವುದೇನು?

ಮೊದಲ ಕತ್ತರಿ ಬಣ್ಣಕ್ಕೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಬೆಳಕಿನ ಮಾಹಿತಿ ಪ್ರತಿ ಚುಕ್ಕೆಗೂ ಇರುತ್ತದೆ, ಬಣ್ಣದ್ದು ನಾಲ್ಕು ಚುಕ್ಕೆಗೆ ಒಂದೇ. ಇಷ್ಟರಲ್ಲೇ ಅರ್ಧ ಗಾತ್ರ ಇಳಿಯಿತು.

ಆಮೇಲೆ ಫ್ರೇಮನ್ನು ಚೌಕಗಳಾಗಿ ಒಡೆದು, ಒಂದೊಂದರಲ್ಲೂ ದಪ್ಪ ವಿವರ ಎಷ್ಟು, ನವಿರು ವಿವರ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನವಿರು ವಿವರದ ಅಂಕಿಗಳನ್ನು ಒರಟಾಗಿ ಪೂರ್ಣಾಂಕ ಮಾಡಿಬಿಡುತ್ತಾರೆ. ಗುಣಮಟ್ಟ ನಿಜವಾಗಿ ಹೋಗುವುದು ಇಲ್ಲೇ. ಈ ಲೆಕ್ಕದ ಹೆಸರು ಡಿಸಿಟಿ (ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್). ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಇದನ್ನು ಪ್ರಕಟಿಸಿದರು. ನಿಮ್ಮ ಮೊಬೈಲಿನ ಜೆಪೆಗ್ ಫೋಟೋದಿಂದ ಹಿಡಿದು ಮದುವೆ ವಿಡಿಯೋವರೆಗೆ ಎಲ್ಲದರಲ್ಲೂ ಈ ಲೆಕ್ಕವೋ ಅದರ ರೂಪಾಂತರವೋ ಇದೆ. ನಮ್ಮ ರಾಜ್ಯದವರೇ ಇವರನ್ನು ನೆನೆಯುವುದು ಕಡಿಮೆ.

ದೊಡ್ಡ ಉಳಿತಾಯ ಮಾತ್ರ ಫ್ರೇಮ್‌ಗಳ ನಡುವೆ. ಧಾರವಾಡದಲ್ಲಿ ಒಂದು ಸಂಗೀತ ಕಛೇರಿ ಚಿತ್ರೀಕರಿಸಿದಿರಿ ಎನ್ನಿ. ಗಾಯಕರು ಕೂತಲ್ಲೇ ಇದ್ದಾರೆ, ತಂಬೂರಿ ಅಲ್ಲೇ, ಹಿಂದಿನ ಪರದೆ ಅಲ್ಲೇ. ಅಲುಗುವುದು ಕೈ, ಮುಖ, ತಬಲಾದವರ ಬೆರಳು. ಇಡೀ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಬರೆದಿಟ್ಟುಕೊಂಡು (ಇದಕ್ಕೆ ಐ-ಫ್ರೇಮ್ ಎನ್ನುತ್ತಾರೆ), ನಡುವಿನ ಫ್ರೇಮ್‌ಗಳಲ್ಲಿ "ಈ ಚೌಕ ಎರಡು ಚುಕ್ಕೆ ಎಡಕ್ಕೆ ಸರಿಯಿತು" ಎಂಬಷ್ಟನ್ನೇ ಬರೆದರೆ ಸಾಕು. ಹಿಂದಿನದನ್ನು ನೋಡಿ ಬರೆಯುವುದು ಪಿ-ಫ್ರೇಮ್, ಹಿಂದೆ ಮುಂದೆ ಎರಡನ್ನೂ ನೋಡುವುದು ಬಿ-ಫ್ರೇಮ್.

ಈಗ ಮಂಗಲಾಷ್ಟಕಕ್ಕೆ ಬನ್ನಿ. "ಸಾವಧಾನ" ಎನ್ನುತ್ತಿದ್ದಂತೆ ಅಕ್ಕಿಕಾಳು ಹಾರುತ್ತವೆ. ಸಾವಿರಾರು ಕಾಳು, ಒಂದೊಂದೂ ಬೇರೆ ದಿಕ್ಕಿಗೆ, ಮೇಲೆ ಫ್ಲಾಶ್ ಬೇರೆ. ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಏನೂ ಸಿಗುವುದಿಲ್ಲ. ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಮಾಹಿತಿಯ ಪ್ರಮಾಣ) ಕಡಿಮೆ ಇಟ್ಟಿದ್ದರೆ ಸರಿಯಾಗಿ ಆ ಹೊತ್ತಿಗೇ ವಧುವಿನ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಹುಬ್ಬಳ್ಳಿ ರಂಗಪಂಚಮಿಯ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ರಾಡಿಯಾಗಿ ಕಾಣುವುದೂ ಇದಕ್ಕೇ.

ಕೊನೆಗೆ ಪದೇ ಪದೇ ಬರುವ ಅಂಕಿಗೆ ಗಿಡ್ಡ ಸಂಕೇತ ಕೊಡುತ್ತಾರೆ. ಜಿಪ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ವಿಡಿಯೋವನ್ನು ಮತ್ತೆ ಜಿಪ್ ಮಾಡಿ ಸುಮ್ನೆ ಟೈಮ್ ಕಳೆಯಬೇಡಿ.

ಯಾವ ಫಾರ್ಮ್ಯಾಟ್?

ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಬರೀ ಡಬ್ಬಿಗಳು. ಒಳಗಿನ ಚಿತ್ರ ಯಾವ ಕೋಡೆಕ್‌ನಲ್ಲಿದೆ ಎಂಬುದೇ ಮುಖ್ಯ. ಫೈಲ್ ಹೆಸರಿನ ತುದಿಯನ್ನು ಎಂಪಿ4 ಎಂದು ತಿದ್ದಿದರೆ ಏನೂ ಬದಲಾಗುವುದಿಲ್ಲ.

ವಿಸಿಡಿ ಕಾಲದ್ದು ಎಂಪೆಗ್-1, ಡಿವಿಡಿಯದ್ದು ಎಂಪೆಗ್-2. 2003ರಲ್ಲಿ ಎಚ್.264 ಬಂತು. ಹೆಚ್ಚುಕಡಿಮೆ ಎಲ್ಲ ಮೊಬೈಲ್, ಟಿವಿ, ಲ್ಯಾಪ್‌ಟಾಪ್‌ಗಳಲ್ಲೂ ಓಡುತ್ತದೆ. 2013ರ ಎಚ್.265 ಅದೇ ಗುಣಮಟ್ಟಕ್ಕೆ ಸುಮಾರು ಅರ್ಧ ಜಾಗ ಸಾಕು ಎನ್ನುತ್ತದೆ, 4ಕೆ ವಿಡಿಯೋಗೆ ಒಳ್ಳೆಯದು. ಆದರೆ ಕಾಕಾನ ಹಳೇ ಟಿವಿ ಸೋಲುವುದು ಇದರ ಮುಂದೆಯೇ. 2018ರ ಎವಿ1 ಇನ್ನೂ ಸಣ್ಣದಾಗುತ್ತದೆ, ರಾಯಲ್ಟಿಯ ಕಿರಿಕಿರಿ ಬೇಡವೆಂದೇ ಮಾಡಿದ್ದು. ಹಳೇ ಸಾಧನಗಳಲ್ಲಿ ಮಾತ್ರ ಓಡುವುದಿಲ್ಲ. ನಾಲ್ಕು ಮನೆಗೆ ಹಂಚುವ ವಿಡಿಯೋ ಆದರೆ ಎಂಪಿ4 ಡಬ್ಬಿ, ಎಚ್.264 ಕೋಡೆಕ್. ಬೇರೆ ಯೋಚನೆಯೇ ಬೇಡ.

ಈಗ ಕೆಲಸ

ಸ್ಟುಡಿಯೋದವರು ಕೊಟ್ಟ ಫೈಲನ್ನು ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಮುಟ್ಟಬೇಡಿ. ಸಣ್ಣದು ಮಾಡಿದ್ದನ್ನೇ ಮತ್ತೆ ಸಣ್ಣದು ಮಾಡಿದರೆ ಪ್ರತಿ ಸಲವೂ ಚಿತ್ರ ಹಾಳಾಗುತ್ತದೆ. ಒಳಗಿನ ಕೋಡೆಕ್ ನೋಡಲು ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಫೈಲನ್ನು ಅದರೊಳಗೆ ಎಳೆದುಬಿಡಿ. ಪ್ರೀಸೆಟ್‌ನಲ್ಲಿ 'ಫಾಸ್ಟ್ 1080ಪಿ30' ಆರಿಸಿ, ಫಾರ್ಮ್ಯಾಟ್ ಎಂಪಿ4 ಇಡಿ. ವಿಡಿಯೋ ಟ್ಯಾಬ್‌ನಲ್ಲಿ ಎಚ್.264 (ಎಕ್ಸ್264), ಫ್ರೇಮ್‌ರೇಟ್ ಮೂಲದಲ್ಲಿ ಇದ್ದಷ್ಟೇ. ಕಾನ್‌ಸ್ಟಂಟ್ ಕ್ವಾಲಿಟಿಯ ಆರ್‌ಎಫ್ ಅಂಕಿ 22ರ ಹತ್ತಿರ ಇರಲಿ. ಇಲ್ಲಿ ಅಂಕಿ ಇಳಿದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ಹಳೇ ಡಿವಿಡಿಯಾದರೆ ಫಿಲ್ಟರ್ಸ್‌ನಲ್ಲಿ ಡಿಇಂಟರ್‌ಲೇಸ್ ಹಾಕಿ, ಇಲ್ಲದಿದ್ದರೆ ಅಲುಗುವ ಅಂಚುಗಳಲ್ಲಿ ಬಾಚಣಿಗೆಯಂಥ ಗೆರೆ ಕಾಣುತ್ತವೆ.

ನಾಲ್ಕೂ ತಾಸನ್ನು ಒಮ್ಮೆಲೇ ಓಡಿಸಬೇಡಿ. ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ, ಅಕ್ಕಿಕಾಳು ಬೀಳುವ ಒಂದು ನಿಮಿಷವನ್ನಷ್ಟೇ ಮಾಡಿ ಟಿವಿಯಲ್ಲಿ ನೋಡಿ. ಚಿತ್ರ ಒಡೆದರೆ ಆರ್‌ಎಫ್ 20ಕ್ಕೆ ಇಳಿಸಿ. ಅಲ್ಲಿ ಸರಿ ಬಂದರೆ ಊಟದ ಪಂಕ್ತಿಯ ಚಿಂತೆ ಬೇಡ. ಸರಿ ಬಂದ ಮೇಲೆ ರೇಂಜನ್ನು ಮತ್ತೆ ಇಡೀ ವಿಡಿಯೋಗೆ ತಂದು ರಾತ್ರಿ ಸ್ಟಾರ್ಟ್ ಒತ್ತಿ ಮಲಗಿ.

ಪೆನ್‌ಡ್ರೈವ್‌ನದ್ದು ಇನ್ನೊಂದು ತಕರಾರು. ಅದರ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ಪದ್ಧತಿ) ಎಫ್‌ಎಟಿ32 ಆಗಿದ್ದರೆ ಎಷ್ಟೇ ಜಾಗ ಇರಲಿ, 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತದೆ, ಆದರೆ ಕೆಲವು ಹಳೇ ಟಿವಿ ಅದನ್ನು ಗುರುತಿಸುವುದಿಲ್ಲ. ಬಿಟ್‌ರೇಟ್ ಸೆಕೆಂಡಿಗೆ 8 ಮೆಗಾಬಿಟ್ ಎಂದರೆ ತಾಸಿಗೆ 3.6 ಜಿಬಿ, ನಾಲ್ಕೂ ತಾಸು ಒಂದೇ ಫೈಲಿನಲ್ಲಿ ಕೂರದು. ಅರಿಷಿಣ, ಸುರಗಿ, ಅಕ್ಕಿಕಾಳು, ಆರತಕ್ಷತೆ ಎಂದು ಬೇರೆ ಬೇರೆ ಫೈಲ್ ಮಾಡಿಟ್ಟರೆ ತಕರಾರು ತಪ್ಪುತ್ತದೆ, ಹುಡುಕುವುದೂ ಸುಲಭ.

ತಂಗಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿದ್ದರೆ ಗ್ಯಾಲರಿಯಿಂದ ಹಾಕಬೇಡಿ, ಅದು ಮತ್ತೊಮ್ಮೆ ಒತ್ತುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ. ಯೂಟ್ಯೂಬ್‌ಗಾದರೆ ಉಲ್ಟಾ: ಅವರು ಹೇಗೂ ತಮ್ಮ ಲೆಕ್ಕದಲ್ಲಿ ಮತ್ತೆ ಎನ್‌ಕೋಡ್ ಮಾಡುತ್ತಾರೆ, ಆದ್ದರಿಂದ ಸ್ಟುಡಿಯೋದವರ ಮೂಲ ಫೈಲನ್ನೇ ಏರಿಸಿ.